ಸ್ವಲೀನ ತರುಣರಿಗೆ ನಿತ್ಯಜೀವನದ ಶಿಕ್ಷಣ



ವಿದ್ಯೆಯೆಂದೊಡನೆ ಜನರ ಮನಸ್ಸು ಅಕ್ಷರ, ಗಣಿತ, ಶಾಸ್ತ್ರಗಳ ಕಡೆಗೆ ಹರಿಯುವುದು ಸಹಜವಾಗಿದೆ. ಆದರೆ ಹಲ್ಲುಜ್ಜುವುದು, ಮೀಯುವುದು, ಬಟ್ಟೆ ತೊಡುವುದು, ಅಕ್ಕಿ ತೊಳೆದು ಒಲೆಗಿಡುವುದು, ಅಂಗಡಿಯಲ್ಲಿ ಹಣ ಕೊಟ್ಟು ಚಿಲ್ಲರೆ ಪಡೆಯುವುದು, ಇವೂ ವಿದ್ಯೆಗಳೇ ಆಗಿವೆ. ಬಹುಮಂದಿಗೆ ಇವು ನೋಡನೋಡುತ್ತ ಬಂದುಬಿಡುವುದರಿಂದ ಯಾರೂ ಇವನ್ನು ವಿದ್ಯೆಯೆಂದು ಎಣಿಸುವುದಿಲ್ಲ. ಸ್ವಲೀನತೆ, ಎಂದರೆ ಆಟಿಸಂ, ಎಂಬ ಸ್ಥಿತಿಯೊಡನೆ ಹುಟ್ಟಿದವರಿಗೆ ಅನೇಕ ವೇಳೆ ಇವು ತಾವಾಗಿ ಬಾರವು. ಕ್ರಮವರಿತು ಕಲಿಸಿದರೆ ಬರುವುವು. ಅಂಥವರ ತಾಯಿತಂದೆಗಳನ್ನು ಹಗಲಿರುಳೂ ಬಾಧಿಸುವ ಪ್ರಶ್ನೆಯೊಂದಿದೆ: ತಮ್ಮ ತರುವಾಯ ಈ ಮಗುವಿನ ಗತಿಯೇನು? ಇದಕ್ಕೆ ಕಣ್ಣೀರು ಉತ್ತರವಲ್ಲ. ಹಣ ಕೂಡಿಡುವುದೊಂದೇ ಉತ್ತರವೂ ಅಲ್ಲ. ತಾವು ಬದುಕಿರುವಾಗಲೇ, ತನ್ನ ದಿನವನ್ನು ತಾನು ನಡೆಸಿಕೊಳ್ಳುವ ಶಕ್ತಿಯನ್ನು ಸಾಧ್ಯವಿದ್ದಷ್ಟು ಆ ಮಗುವಿಗೆ ಕಲಿಸಿಕೊಡುವುದೇ ಉತ್ತರದ ಮೊದಲ ಭಾಗವಾಗಿದೆ.

ಈ ಸ್ಥಿತಿಯು ಶಾಪವಲ್ಲ, ಯಾರ ಪಾಪದ ಫಲವೂ ಅಲ್ಲ. ತಾಯಿಯ ವಾತ್ಸಲ್ಯದ ಕೊರತೆಯಿಂದ ಬಂದುದೆಂದು ಹಿಂದಿನ ಶತಮಾನದಲ್ಲಿ ಕೆಲವು ವೈದ್ಯರು ಆಡಿದ ಮಾತು ಸುಳ್ಳೆಂದು ಸಿದ್ಧವಾಗಿದೆ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭೇದವಿದು. ಇತರರ ಮುಖಭಾವವನ್ನೂ ಮಾತಿನ ಒಳದನಿಯನ್ನೂ ಅರಿಯುವುದು ಇವರಿಗೆ ಕಷ್ಟ. ನಿತ್ಯದ ಕ್ರಮ ತಪ್ಪಿದರೆ ಕಳವಳ. ಕೆಲವು ವಿಷಯಗಳಲ್ಲಿ ಮಾತ್ರ ಗಾಢವಾದ ಆಸಕ್ತಿ. ಸದ್ದು, ಬೆಳಕು, ಸ್ಪರ್ಶಗಳು ಕೆಲವರಿಗೆ ಸಹಿಸಲಾರದಷ್ಟು ತೀಕ್ಷ್ಣ. ಎಲ್ಲರಲ್ಲಿಯೂ ಇವು ಒಂದೇ ಪ್ರಮಾಣದಲ್ಲಿರುವುದಿಲ್ಲ. ಒಬ್ಬನು ಪದವೀಧರನಾಗಬಹುದು, ಮತ್ತೊಬ್ಬನಿಗೆ ಮಾತೇ ಬಾರದಿರಬಹುದು.

ಅಮೆರಿಕಾ ದೇಶದ ಬಾಲ್ಟಿಮೋರ್ ನಗರದಲ್ಲಿದ್ದ ವೈದ್ಯ ಲಿಯೋ ಕ್ಯಾನರರು 1943ರಲ್ಲಿ 11 ಮಂದಿ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಸ್ಥಿತಿಯು ವೈದ್ಯಲೋಕದಲ್ಲಿ ಪ್ರಸಿದ್ಧವಾಯಿತು. ಆ ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್ ಟ್ರಿಪ್ಲೆಟ್, ಹುಟ್ಟಿದ್ದು 1933ರಲ್ಲಿ. ಎಣಿಕೆ ಅಳತೆಗಳ ಮೇಲೆ ಅವನಿಗೆ ಅತಿಶಯವಾದ ಮೋಹ. ಜನರ ಕಡೆಗೆ ಲಕ್ಷ್ಯವಿಲ್ಲ. 1937ರಲ್ಲಿ ಅವನನ್ನು ಮನೆಯಿಂದ ದೂರದ ಆಶ್ರಯಶಾಲೆಯೊಂದರಲ್ಲಿ ಇಟ್ಟಿದ್ದರು. ಸುಮಾರು ಒಂದು ವರ್ಷದ ಬಳಿಕ ತಾಯಿತಂದೆಗಳು ಮರಳಿ ಕರೆತಂದರು. 1942ರಲ್ಲಿ ಊರಿಗೆ ಸುಮಾರು ಹತ್ತು ಮೈಲು ದೂರದಲ್ಲಿ ಗೇಣಿಯ ಹೊಲ ಮಾಡುತ್ತಿದ್ದ ಒಕ್ಕಲು ದಂಪತಿಗಳ ವಶಕ್ಕೆ ಅವನನ್ನು ಒಪ್ಪಿಸಿದರು.

ಆ ದಂಪತಿಗಳು ವೈದ್ಯರಲ್ಲ. ಆದರೂ ಅವರ ವಿವೇಕವನ್ನು ಕಂಡು ಕ್ಯಾನರರೇ ಬೆರಗಾದರು. ಹುಡುಗನು ಕಂಡುದನ್ನೆಲ್ಲ ಅಳೆಯಲು ಹಂಬಲಿಸುತ್ತಿದ್ದನು. ಬಾವಿ ತೋಡಲು ಹಚ್ಚಿ, ಅದರ ಆಳವನ್ನು ಅಳೆದು ಹೇಳೆಂದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದನು. ಉಳುತ್ತ ಎಣಿಸೆಂದು ನೇಗಿಲನ್ನು ಕೈಗೆ ಕೊಟ್ಟರು. ಸತ್ತ ಹಕ್ಕಿ ಹುಳುಗಳನ್ನು ಕೂಡಿಹಾಕುತ್ತಿದ್ದನು. ಅವನ್ನು ಹೂಳಲು ಒಂದು ಸ್ಥಳವನ್ನು ಗೊತ್ತುಮಾಡಿ, ಒಂದೊಂದಕ್ಕೂ ಗುರುತು ನೆಡಿಸಿದರು. 1945ರಲ್ಲಿ ಕ್ಯಾನರರು ನೋಡಹೋದಾಗ ಅವನು ಕುದುರೆ ಕಟ್ಟಿದ ನೇಗಿಲಿನಿಂದ ಆರು ಉದ್ದ ಸಾಲುಗಳನ್ನು ಉತ್ತು ತೋರಿಸಿದನು. ಮುಂದೆ 1958ರಲ್ಲಿ ಪದವಿ ಪಡೆದು, ತಾಯಿಯ ಮನೆತನದವರ ಬ್ಯಾಂಕಿನಲ್ಲಿ ದುಡಿದನು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಾರು ನಡೆಸಲು ಕಲಿತನು. ಒಬ್ಬನೇ ದೇಶಾಂತರ ಸಂಚರಿಸಿದನು. 2023ರಲ್ಲಿ, 89ನೆಯ ವಯಸ್ಸಿನಲ್ಲಿ, ತನ್ನ ಬಾಳನ್ನು ಮುಗಿಸಿದನು. ಅವನ ಮನೆತನವು ಸ್ಥಿತಿವಂತವಾಗಿತ್ತು, ನಿಜ. ಆದರೆ ನೇಗಿಲು ಹಿಡಿಸಿದ್ದು ಸಂಪತ್ತಲ್ಲ. ಆ ಹನ್ನೊಂದು ಮಂದಿಯಲ್ಲಿಯೇ ಸರಕಾರದ ದೊಡ್ಡ ಆಶ್ರಯಾಲಯಗಳಿಗೆ ಸೇರಿದವರು ಮೊದಲಿದ್ದ ಕಳೆಯನ್ನೂ ಕಳೆದುಕೊಂಡರೆಂದು ಕ್ಯಾನರರು 1971ರಲ್ಲಿ ಬರೆದಿದ್ದಾರೆ.

ಈ ವೃತ್ತಾಂತದ ತಿರುಳೇನು? ಒಕ್ಕಲು ದಂಪತಿಗಳು ಹುಡುಗನ ಹಂಬಲವನ್ನು ಹೊಡೆದು ಬಿಡಿಸಲಿಲ್ಲ, ಅದಕ್ಕೊಂದು ಗುರಿಯನ್ನು ಕೊಟ್ಟರು. ಪ್ರೀತಿಯ ಜೊತೆಗೆ ದೃಢತೆಯನ್ನೂ ಇಟ್ಟುಕೊಂಡರು. ಕಲಿಸಿದುದನ್ನು ಕೆಲಸ ನಡೆಯುವ ಸ್ಥಳದಲ್ಲಿಯೇ ಕಲಿಸಿದರು. ದೇಶ ಯಾವುದಾದರೂ, ಮನೆ ಎಂಥದಾದರೂ, ಈ ಮೂರು ಸೂತ್ರಗಳು ಸಲ್ಲತಕ್ಕವು.

ಇನ್ನು ಕಲಿಸುವ ಕ್ರಮ. ಒಂದು ಕೆಲಸವೆಂದು ತೋರುವುದು ವಾಸ್ತವವಾಗಿ ಹತ್ತಾರು ಸಣ್ಣ ಕೆಲಸಗಳ ಸರಪಳಿ. "ಸ್ನಾನ ಮಾಡಿ ಬಾ" ಎಂಬ ಮಾತಿನಲ್ಲಿ ಬಾಗಿಲು ಹಾಕುವುದು, ನೀರು ಬೆರಸುವುದು, ಸೋಪು ಹಚ್ಚುವುದು, ತೊಳೆದುಕೊಳ್ಳುವುದು, ಒರೆಸಿಕೊಳ್ಳುವುದು ಎಲ್ಲವೂ ಅಡಗಿವೆ. ಇವನ್ನು ಬಿಡಿಸಿ, ಒಂದೊಂದಕ್ಕೂ ಚಿತ್ರ ಬರೆದು, ಕ್ರಮವಾಗಿ ಗೋಡೆಗೆ ಅಂಟಿಸಿದರೆ, ಆಡಿದ ಮಾತು ಗಾಳಿಗೆ ಹೋದರೂ ಚಿತ್ರವು ನಿಂತಿರುವುದು. ಕೆಲವು ಕೆಲಸಗಳನ್ನು ಕೊನೆಯಿಂದ ಕಲಿಸುವುದು ಲೇಸು. ಅಂಗಿಯ ಗುಂಡಿಗಳನ್ನೆಲ್ಲ ಹಿರಿಯರು ಹಾಕಿ, ಕೊನೆಯದೊಂದನ್ನು ಅವನಿಗೆ ಬಿಡತಕ್ಕದ್ದು; ಅದು ಸಾಧಿಸಿದ ಮೇಲೆ ಕೊನೆಯ ಎರಡನ್ನು. ಹೀಗಾದರೆ ಪ್ರತಿದಿನವೂ ಕೆಲಸವನ್ನು ಮುಗಿಸಿದ ಸಂತೋಷವು ಅವನದಾಗುವುದು. ಮೊದಲು ಕೈ ಹಿಡಿದು, ಆಮೇಲೆ ಬೆರಳು ತೋರಿಸಿ, ಕಡೆಗೆ ದೂರ ನಿಂತು, ಸಹಾಯವನ್ನು ಮೆಲ್ಲಮೆಲ್ಲನೆ ಹಿಂತೆಗೆಯಬೇಕು. ಶಾಲೆಯ ಒಲೆಯ ಮುಂದೆ ಕಲಿತುದು ಮನೆಯ ಒಲೆಯ ಮುಂದೆ ಬಾರದಿರುವುದೂ ಉಂಟು. ಆದುದರಿಂದ ಅಡಿಗೆಯನ್ನು ಮನೆಯಲ್ಲಿಯೂ, ಚಿಲ್ಲರೆಯ ಲೆಕ್ಕವನ್ನು ಅಂಗಡಿಯಲ್ಲಿಯೂ, ಪ್ರಯಾಣವನ್ನು ಬಸ್ಸಿನಲ್ಲಿಯೂ ಕಲಿಸತಕ್ಕದ್ದು. ನೀರಿನ ಸದ್ದಿಗೋ ಒರಟು ಬಟ್ಟೆಗೋ ಅವನು ಬೆದರಿದರೆ ಅದು ಹಟವಲ್ಲ. ಸದ್ದನ್ನು ತಗ್ಗಿಸಿ, ಬಟ್ಟೆಯನ್ನು ಬದಲಿಸಬೇಕು.

ತಾರುಣ್ಯದಲ್ಲಿ ಕಲಿಸಬೇಕಾದುವು ಇನ್ನೂ ಕೆಲವು ಇವೆ. ಬಟ್ಟೆ ಬದಲಿಸುವಾಗ ಬಾಗಿಲು ಹಾಕುವುದು, ತನ್ನ ದೇಹವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ತಿಳಿಯುವುದು, ಬೇಡವಾದುದನ್ನು ಮಾತಿನಿಂದಲೋ ಸನ್ನೆಯಿಂದಲೋ ಬೇಡವೆನ್ನುವುದು, ಹೆಣ್ಣುಮಕ್ಕಳಾದರೆ ಮುಟ್ಟಿನ ದಿನಗಳ ಶುಚಿತ್ವ, ಇವನ್ನು ನಾಚಿಕೆಯಿಂದ ಬಿಟ್ಟರೆ ಕೇಡು ತಪ್ಪದು. ಇಪ್ಪತ್ತು ವರ್ಷದವನನ್ನು ಕೂಸಿನಂತೆ ಮುದ್ದಿಸುವುದೂ ಅವನೆದುರಿಗೆ ಅವನ ಕೊರತೆಗಳನ್ನು ಎಣಿಸುವುದೂ ಅವನ ಮಾನಕ್ಕೆ ಕುಂದು.

ಇಲ್ಲಿ ತಾಯಂದಿರಿಗೆ ಕಹಿಯಾಗಿ ತೋರುವ ಮಾತೊಂದಿದೆ. ಮಗನು ಹತ್ತು ನಿಮಿಷ ತೊಡಕುವುದನ್ನು ನೋಡಲಾರದೆ ತಾಯಿಯು ತಾನೇ ತುತ್ತಿಡುವಳು. ಅದು ಪ್ರೀತಿಯೇ ಸರಿ. ಆದರೆ ಆ ಕೈಗೂ ಒಂದು ದಿನ ಮುಪ್ಪು ಬರುವುದು. ಆ ಹತ್ತು ನಿಮಿಷ ಕಾದಿರುವುದು ತುತ್ತಿಡುವುದಕ್ಕಿಂತ ದೊಡ್ಡ ವಾತ್ಸಲ್ಯ. ಎಲ್ಲವನ್ನೂ ಎಲ್ಲರೂ ಕಲಿಯಲಾರರು. ಜೀವನಪರ್ಯಂತ ನೆರವು ಬೇಕಾಗುವವರೂ ಇದ್ದಾರೆ. ಅಂಥವನು ತಟ್ಟೆಯನ್ನು ತಾನೇ ತೊಳೆದಿಟ್ಟರೂ, ಎರಡು ಅಂಗಿಗಳಲ್ಲಿ ತನಗೆ ಬೇಕಾದುದನ್ನು ತೋರಿಸಿದರೂ, ಅಷ್ಟರಮಟ್ಟಿಗೆ ಅವನ ಬಾಳು ಅವನದಾಯಿತು.

ಸರಕಾರವು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿಯೂ ಸ್ವಲೀನತೆಯನ್ನು ಹೆಸರಿಸಿದೆ. ಹದಿನೆಂಟು ವರ್ಷ ತುಂಬಿದವನಿಗೆ ಪಾಲಕನು ಅವಶ್ಯವಿದ್ದರೆ, ಮೊದಲನೆಯ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಯು ನೇಮಿಸಬಲ್ಲುದು. ಆದರೆ ಕಾಯಿದೆಯು ಚಿಲ್ಲರೆ ಎಣಿಸುವ ಹುಡುಗನಿಗಾಗಿ ತಾಳ್ಮೆಯಿಂದ ಕಾಯಲಾರದು, ಅಂಗಡಿಯವನು ಕಾಯಬೇಕು. ಬಸ್ಸಿನ ಕಂಡಕ್ಟರನು ಗದರಿಸದಿರಬೇಕು. ದಾಸೋಹದ ಪಂಕ್ತಿಯಲ್ಲಿ ಅಂಥ ತರುಣನು ನೀರು ಬಡಿಸಬಂದಾಗ, ನಾಲ್ಕು ಹನಿ ಚೆಲ್ಲಿತೆಂದು ತಂಬಿಗೆಯನ್ನು ಕಸಿದುಕೊಳ್ಳದೆ, ಉಣ್ಣುವವರು ಲೋಟವನ್ನು ಮುಂದಕ್ಕೆ ಸರಿಸಬೇಕು. ತಾಯಿತಂದೆಗಳ ಪ್ರಶ್ನೆಗೆ ಉತ್ತರದ ಎರಡನೆಯ ಭಾಗವು ಅದೇ. ಅದನ್ನು ಕೊಡಬೇಕಾದವರು ಊರಿನವರೆಲ್ಲರೂ.