ಸೊಂಟದಾಗಿನ ಪಿಸ್ತೂಲ್ ಯಾವಾಗ ಕೆಲಸಕ್ಕ ಬರ್ತದ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಂದಿ ಬಾಳ ದಿವಸದಿಂದ ಒಂದ ಪ್ರಶ್ನೆ ಕೇಳ್ಲಾಕತ್ತೀರಿ. "ಅಣ್ಣಾರ, ಲೈಸನ್ಸ್ ಸಿಗೂ ಹಂಗ ಅದ. ರಿವಾಲ್ವರ್ ತಗೊಳ್ಳೋದೋ, ಪಿಸ್ತೂಲ್ ತಗೊಳ್ಳೋದೋ? ಯಾರಿಗೂ ಕಾಣದಂಗ ಹ್ಯಾಂಗ ಇಟ್ಕೊಂಡು ಅಡ್ಡಾಡೋದು?"

ಫಾರ್ಮ್ ಎಲ್ಲಿ ಸಿಗ್ತದ, ಫೀ ಎಷ್ಟು, ಅದನ್ನ ನೀವ ಮೊಬೈಲ್‌ನಾಗ ನೋಡ್ಕೊಳ್ರಿ. ಅರ್ಜಿ ಡಿಸಿ ಆಫೀಸಿಗೆ ಹೋಗ್ತದ, ಪೊಲೀಸ್ ವರದಿ ಬರ್ತದ, ಇವತ್ತಿಗೆ ಅಷ್ಟು ಗೊತ್ತಿದ್ರ ಸಾಕು. ನಾನು ಶುರು ಮಾಡೋದು ಒಂದು ಅಳತೆಯಿಂದ. 7.65 ಮಿಲಿಮೀಟರ್.

ಈ ಅಳತೆಯ ಗುಂಡು ನಮ್ಮ ನೆಲದ ಒಬ್ಬ ದೊಡ್ಡ ಮನುಷ್ಯಾರ ಜೀವ ತಗೊಂಡದ. ಎಂ.ಎಂ. ಕಲಬುರ್ಗಿ ಸರ್. ಸಿಂದಗಿ ತಾಲೂಕಿನಾಗ ಹುಟ್ಟಿದವ್ರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವ್ರು, ಶಾಸನ ಮತ್ತ ವಚನದ ಮ್ಯಾಲ ಜೀವಮಾನ ಸವೆಸಿದವ್ರು. 2015ರ ಆಗಸ್ಟ್ 30, ರವಿವಾರ ಮುಂಜಾನೆ. ಧಾರವಾಡದ ಕಲ್ಯಾಣನಗರದಾಗಿನ ಅವರ ಮನಿ. ಬೈಕಿನ ಮ್ಯಾಲ ಇಬ್ಬರು ಬಂದ್ರು. ಒಬ್ಬಾವ ಬೈಕಿನ ಹತ್ರ ನಿಂತ, ಇನ್ನೊಬ್ಬಾವ ಬಾಗಿಲಕ ಬಂದ, ವಿದ್ಯಾರ್ಥಿ ಅಂತ ಹೇಳ್ಕೊಂಡ. ಬಾಗಿಲ ತಗದವ್ರು ಅವರ ಹೆಂಡ್ತಿ. ಸರ್ ಹೊರಗ ಬಂದ್ರು. ಹತ್ರದಿಂದನ ಗುಂಡು ಹಾರ್ತು. 76 ವರ್ಷದವ್ರಿದ್ರು.

ಆ ಗುಂಡು ಹಾರಿಸಿದ್ದು 7.65ರ ನಾಡ ಪಿಸ್ತೂಲ್. ಎರಡು ವರ್ಷದ ಮ್ಯಾಲ, 2017ರ ಸೆಪ್ಟೆಂಬರ್ 5ಕ್ಕ, ಬೆಂಗಳೂರಿನ ರಾಜರಾಜೇಶ್ವರಿ ನಗರದಾಗ ಪತ್ರಕರ್ತೆ ಗೌರಿ ಲಂಕೇಶರನ್ನ ಕೊಂದ್ರಲ್ಲ, ಎರಡೂ ಕಡೆ ಸಿಕ್ಕ ಗುಂಡು ಮತ್ತ ಕಾಡತೂಸಿನ ಕೊಳವಿ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದ ಪಿಸ್ತೂಲ್ ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳ್ತು. ಗೌರಿ ಮೇಡಂ ಆಗ ಕೆಲಸ ಮುಗಿಸಿ ರಾತ್ರಿ ಮನಿ ಗೇಟಿನ ಹತ್ರ ಬಂದು ಇಳಿದಿದ್ರು. ಕಲಬುರ್ಗಿ ಸರ್ ಹೋದ ವರ್ಷನ, 2015ರ ಫೆಬ್ರುವರಿಯಾಗ, ಕೊಲ್ಹಾಪುರದಾಗ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ ಅವರ ಮ್ಯಾಲ ಗುಂಡು ಹಾರಿದ್ದು, ಮುಂಜಾನೆ ಅಡ್ಡಾಡಲಿಕ್ಕ ಹೋಗಿ ಹೆಂಡ್ತಿ ಜೋಡಿ ಮನಿಗೆ ಬರೂ ಹೊತ್ತಿನಾಗ.

ಬಾಗಿಲು, ಗೇಟು, ದಾರಿ. ಮೂರೂ ಕಡೆ ಹೊತ್ತು ಆರಿಸಿದವ್ರು ಯಾರು? ಹೊಡಿಯಾಕ ಬಂದವ್ರು. ನಾನು ಇಲ್ಲೇ ನಿಲ್ಲೋದು ಇದಕ್ಕ.

ಹಿಂದಿ, ಇಂಗ್ಲಿಷ್ ವಿಡಿಯೋ ನೋಡಿದವ್ರು ಒಂದು ಮಾತು ಹೇಳ್ತಾರ: "ಅವರ ಹತ್ರ ಪಿಸ್ತೂಲ್ ಇದ್ದಿದ್ರ ಉಳೀತಿದ್ರು." ನಾನು ಇದನ್ನ ಒಪ್ಪೂದಿಲ್ಲ. ರವಿವಾರ ಮುಂಜಾನೆ ತನ್ನ ಮನ್ಯಾಗ ಕುಂತ ಹಿರಿಯ ಮನುಷ್ಯ ಸೊಂಟಕ್ಕ ಪಿಸ್ತೂಲ್ ಕಟ್ಕೊಂಡು ಕುಂದರ್ತಾನೇನು? ಕಟ್ಟಿಕೊಂಡ್ರೂ ಏನಾಗ್ತಿತ್ತು, ಲೆಕ್ಕ ಹಾಕ್ರಿ. ಬಂದಾವ ವಿದ್ಯಾರ್ಥಿ ಅಲ್ಲ ಅಂತ ಮೊದಲ ಗೊತ್ತಾಗಬೇಕು. ಆಮ್ಯಾಲ ಅಂಗಿ ಎತ್ತಬೇಕು, ಹಿಡಿ ಸಿಗಬೇಕು, ಹೊರಗ ತಗೀಬೇಕು, ಗುರಿ ಹಿಡೀಬೇಕು. ಎದುರಿಗಿನಾವ ಈ ಎಲ್ಲಾ ಕೆಲಸ ಬಾಗಿಲಕ ಬರೂಕಿಂತ ಮೊದಲ ಮುಗಿಸಿರ್ತಾನ. ಅವನ ಕೈ ಪಿಸ್ತೂಲ್ ಮ್ಯಾಲ ಅದ, ನಿಮ್ಮ ಕೈ ಚಹಾದ ಕಪ್ಪಿನ ಮ್ಯಾಲ ಅದ. ಗುರಿಕಾರನ ಕೈಗೂ ಆ ಅಂತರ ತುಂಬೋದು ಆಗೂದಿಲ್ಲ.

ಕಲಬುರ್ಗಿ ಸರ್‌ಗೆ ಮೊದಲ ಪೊಲೀಸ್ ಕಾವಲು ಇತ್ತು, ಅವರ ಬ್ಯಾಡ ಅಂದ ಮ್ಯಾಲ ಅದನ್ನ ತಗದಿದ್ರು. ಆ ಮುಂಜಾನೆ ಗೇಟಿನ ಹೊರಗ ಒಬ್ಬ ಪೇದೆ ನಿಂತಿದ್ರ, ಅಥವಾ ಬಾಗಿಲ ತಗೀದನ ಹೊರಗಿನಾವನ್ನ ನೋಡಿ ಮಾತಾಡೂ ಜಾಳಿಗಿ ಇದ್ದಿದ್ರ, ಬಂದವ್ರಿಗೆ ಕೆಲಸ ಬಿರುಸಾಗ್ತಿತ್ತು ಅಂತ ನನ್ನ ನಂಬಿಕಿ. ಕಾವಲು ಅಂದ್ರ ದೂರ ಮತ್ತ ಹೊತ್ತು. ಪಿಸ್ತೂಲ್ ಅವೆರಡೂ ಕೊಡೂದಿಲ್ಲ.

ಇನ್ನ ನಮ್ಮ ಭೀಮಾತೀರಕ್ಕ ಬರ್ರಿ. 2020ರ ನವೆಂಬರ್ 2. ವಿಜಯಪುರದ ಹೊರಗ, ಕನ್ನಾಳ ಕ್ರಾಸ್ ಹತ್ರ, ಕಾಂಗ್ರೆಸ್ ಮುಖಂಡ ಮಹಾದೇವ ಸಾಹುಕಾರ ಭೈರಗೊಂಡರ ಕಾರಿಗೆ ಮೊದಲ ಹಾಯ್ದಿದ್ದು ಒಂದು ಟಿಪ್ಪರ್. ಗುಂಡು ಹಾರಿದ್ದು ಅದರ ಹಿಂದ. ಸಾಹುಕಾರರು ಗಾಯ ಆಗಿ ಉಳದ್ರು, ಅವರ ಜೋಡಿ ಇದ್ದ ಇಬ್ಬರು ಸತ್ರು. ಟಿಪ್ಪರ್ ಹಾಯ್ದ ಗಾಡಿಯೊಳಗ ಸಿಕ್ಕೊಂಡಾವ ಕಿಸೆಕ್ಕ ಕೈ ಹಾಕೂದು ಅಂದ್ರ ಏನು ಅನ್ನೋದನ್ನ ಒಂದ ಸರ್ತಿ ಕಣ್ಮುಂದ ತಂದ್ಕೊಳ್ರಿ.

ಹಂಗಂದ್ರ ಪಿಸ್ತೂಲ್ ಕೆಲಸಕ್ಕನ ಬರೂದಿಲ್ಲೇನು? ಬರ್ತದ. ಹೊತ್ತು ಸಿಕ್ಕ ಕಡೆ ಬರ್ತದ. ಊರಿನಿಂದ ದೂರ ತ್ವಾಟದ ಮನಿ, ರಾತ್ರಿ, ನಾಯಿ ಬೊಗಳ್ಯಾವ, ಯಾರೋ ಕದಾ ಮುರೀಲಾಕತ್ಯಾರ. ನಿಮಗ ಎದ್ದು ಕುಂದರಲಿಕ್ಕ, ಹೆಂಡ್ತಿ ಮಕ್ಕಳನ್ನ ಹಿಂದಿನ ಖೋಲಿಗೆ ಕಳಸಲಿಕ್ಕ ವ್ಯಾಳ್ಯಾ ಅದ. ಅಲ್ಲಿ ಬಂದೂಕಿಗೆ ಅರ್ಥ ಅದ. ಆದ್ರ ಅಲ್ಲಿ ಕೂಡ ಸಣ್ಣ ಪಿಸ್ತೂಲಿಗಿಂತ ಜೋಡನಳಿಗಿ ಬಂದೂಕು ಹೆಚ್ಚು ನಂಬಿಗಸ್ತ ಅಂತ ನಾನು ಹೇಳ್ತೀನಿ. ಗುರಿ ಹಿಡಿಯೋದು ಸರಳ.

ಈಗ ನೀವು ಕೇಳಿದ್ದಕ್ಕ ಬರ್ತೀನಿ. ಅಮೆರಿಕದ ವಿಡಿಯೋದಾಗ 9 ಎಂಎಂ ಗ್ಲಾಕ್ ತೋರಸ್ತಾರ. ಅದನ್ನ ಮನಸಿನಿಂದ ತಗದ ಹಾಕ್ರಿ. 9 ಎಂಎಂ ನಮ್ಮ ದೇಶದಾಗ ನಿಷೇಧಿತ ಬೋರ್, ಪಾಯಿಂಟ್ 38 ಕೂಡ ಹಂಗ. ನಿಮ್ಮ ಸಾಮಾನ್ಯ ಲೈಸನ್ಸಿಗೆ ಅಂಗಡ್ಯಾಗ ಸಿಗೂ ಕೈಬಂದೂಕು ಬಾಳ ಮಾಡಿ ಪಾಯಿಂಟ್ 32. ಪಾಯಿಂಟ್ 22 ಕೂಡ ಅದ, ಈಶಾಪುರದ ಕಾರ್ಖಾನೆಯ ‘ನಿಡರ್’ ರಿವಾಲ್ವರ್ 250 ಗ್ರಾಂ ಅಷ್ಟ, ಹಗುರ ಅಂತ ಮಂದಿ ಕೇಳ್ತಾರ. ಕಾನ್ಪುರದಾಗ 2014ಕ್ಕ ‘ನಿರ್ಭೀಕ್’ ರಿವಾಲ್ವರ್ ಬಂತು, ಹೆಣ್ಣುಮಕ್ಕಳಿಗೆ ಅಂತ, ತೂಕ 500 ಗ್ರಾಂ, ಆವಾಗಿನ ಬೆಲೆ 1 ಲಕ್ಷ 22 ಸಾವಿರದ ಮ್ಯಾಲ. ಜೀವಭಯ ಇದ್ದ ಕೂಲಿಕಾರ ಹೆಣ್ಣುಮಗಳು ಆ ರೊಕ್ಕ ಎಲ್ಲಿಂದ ತರಬೇಕು? ಅದು ನನಗ ಆಗನೂ ಸಿಟ್ಟು ತರಿಸಿತ್ತು, ಈಗನೂ ತರಸ್ತದ. 2023ರಾಗ ‘ಪ್ರಬಲ್’ ಬಂತು, ಸುಮಾರು 700 ಗ್ರಾಂ, ಸಿಲಿಂಡರ್ ಬಾಜೂಕ ತೆರಕೊಳ್ತದ. ಹಳೀ ಸರಕಾರಿ ರಿವಾಲ್ವರ್ ಮಧ್ಯಕ್ಕ ಮುರಿದು ಕಾಡತೂಸು ತುಂಬೋದು.

ಒಂದು ನಿಮಿಷ, ಮೊದಲ ಹೇಳಿದ್ದನ್ನ ಬಿಡಿಸಿ ಹೇಳಬೇಕು. 7.65 ಎಂಎಂ ಪಿಸ್ತೂಲ್ ಮತ್ತ ಪಾಯಿಂಟ್ 32 ಪಿಸ್ತೂಲ್ ಒಂದ. ಲೈಸನ್ಸಿನ ‘ಅಶನಿ’ ಪಿಸ್ತೂಲಿಗೆ ಹಾಕೂದು ಅದ ಕಾಡತೂಸು. ನಾಡ ಪಿಸ್ತೂಲ್ ಮಾಡೋರೂ ಅದ ಅಳತಿ ಹಿಡೀತಾರ, ಯಾಕಂದ್ರ ಕಾರ್ಖಾನೆಯ ಕಾಡತೂಸು ಅದಕ್ಕ ಕೂಡ್ತದ. ಆದ್ರ ಪಾಯಿಂಟ್ 32 ರಿವಾಲ್ವರಿನ ಕಾಡತೂಸು ಬ್ಯಾರೆ, ಉದ್ದ ಜಾಸ್ತಿ, ಅದಕ್ಕ ಅಂಚು ಇರ್ತದ. ಹೆಸರಿನಾಗ 32 ಅದ ಅಂತ ಒಂದರದ್ದು ಇನ್ನೊಂದಕ್ಕ ಹಾಕಬ್ಯಾಡ್ರಿ. ಅಂಗಡ್ಯಾಗ ತಗೊಳ್ಳುವಾಗ ಡಬ್ಬಿ ಮ್ಯಾಲಿಂದು ಓದಿ ತಗೊಳ್ರಿ.

ನನ್ನ ಆಯ್ಕೆ ಕೇಳಿದ್ರ, ಹೊಸಬರಿಗೆ ರಿವಾಲ್ವರ್. ಟ್ರಿಗರ್ ಉದ್ದ, ಬಿಗಿ, ತಪ್ಪಿ ಒತ್ತೂದು ಕಡಿಮಿ. ಗುಂಡು ತುಂಬೇದೋ ಇಲ್ಲೋ, ಸಿಲಿಂಡರ್ ತಗದ್ರ ಕಣ್ಣಿಗೆ ಕಾಣ್ತದ. ಪಿಸ್ತೂಲಿನಾಗ ಮ್ಯಾಗಜಿನ್ ತಗದ್ರೂ ನಳಿಗ್ಯಾಗ ಒಂದು ಗುಂಡು ಕುಂತಿರಬಹುದು, "ಖಾಲಿ ಅದ" ಅಂತ ತೋರಸಲಿಕ್ಕ ಹೋಗಿ ಅಣ್ಣನ ಕೈಯಿಂದ ತಮ್ಮ ಸಾಯೂದು ಹಿಂಗ.

ಇಟ್ಕೊಳ್ಳೂದು. 2016ರ ಶಸ್ತ್ರಾಸ್ತ್ರ ನಿಯಮದಾಗ ಇದಕ್ಕ ಸ್ಪಷ್ಟ ಮಾತು ಅದ, ಲೈಸನ್ಸ್ ಇದ್ದವ್ರನ ಬಾಳ ಮಂದಿ ಓದಿಲ್ಲ. ಸಾರ್ವಜನಿಕ ಜಾಗಾದಾಗ ಕೈಬಂದೂಕು ಮೈಗೆ ಕಟ್ಟಿದ ಹೋಲ್ಸ್ಟರ್‌ನಾಗ ಇರಬೇಕು, ಇಲ್ಲಾ ಬೆನ್ನಚೀಲದಂಥಾದ್ರಾಗ ಇರಬೇಕು. ಪೂರ್ತಿ ಮುಚ್ಚಿರಬೇಕು. ನಿಮ್ಮ ಹತೋಟ್ಯಾಗ ಇರಬೇಕು. ಎತ್ತಿ ತೋರಸೂ ಹಂಗಿಲ್ಲ. ಅಂದ್ರ ಮುಚ್ಚಿಕೊಳ್ಳೂದು ನಿಮ್ಮ ಇಷ್ಟದ ಮಾತಲ್ಲ, ಕಾನೂನಿನ ಕಡ್ಡಾಯ.

ನಮ್ಮ ಕಡೆ ಏನು ನಡೀತದ? ಮದವಿ ಮಂಟಪದಾಗ ಬಿಳಿ ಅಂಗಿ ಒಂದು ಬಾಜೂಕ ಸರಿಸಿ ಕುಂದರ್ತಾರ, ಹಿಡಿ ನಾಕು ಮಂದಿಗೆ ಕಾಣಬೇಕು. ವರಾತದಾಗ ಮ್ಯಾಲ ಹಾರಸ್ತಾರ. 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕ ಅಂತ ಅಜಾಗರೂಕತೆಯಿಂದ ಗುಂಡು ಹಾರಿಸಿ ಮಂದಿ ಜೀವಕ್ಕ ಕುತ್ತು ತಂದ್ರ ಎರಡು ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಕಾನೂನು ಬಿಡ್ರಿ, ಬರೇ ಜೀವದ ಲೆಕ್ಕ ಹಾಕ್ರಿ. ನಿಮ್ಮ ಹತ್ರ ಪಿಸ್ತೂಲ್ ಅದ ಅಂತ ಊರಿಗೆ ಗೊತ್ತಾದ್ರ, ನಿಮ್ಮ ಮ್ಯಾಲ ಕಣ್ಣಿಟ್ಟಾವ ಒಬ್ಬನ ಬರೂ ಕಡೆ ನಾಕು ಮಂದಿ ಕರಕೊಂಡು ಬರ್ತಾನ, ಹಿಂದಿನಿಂದ ಬರ್ತಾನ, ಟಿಪ್ಪರ್ ತರ್ತಾನ. ಗತ್ತಿಗೆ ಅಂತ ತೋರಿಸಿದ ಪಿಸ್ತೂಲ್ ವೈರಿಗೆ ತಯಾರಿ ಹೇಳಿಕೊಡ್ತದ. ಅದಕ್ಕ ಲೈಸನ್ಸ್ ಸಿಕ್ಕದ್ದು ಗೆಳೆಯರಿಗೆ ಹೇಳಬ್ಯಾಡ್ರಿ, ಫೋಟೋ ಹಾಕಬ್ಯಾಡ್ರಿ. ಈ ಇಡೀ ವಿಡಿಯೋದಾಗ ನಾನು ಹೇಳೂ ದೊಡ್ಡ ಮಾತು ಇದು.

ಇನ್ನ ಉಡುಪು. ನಮ್ಮ ಬ್ಯಾಸಗಿ 42 ಡಿಗ್ರಿ ಮುಟ್ತದ, ಕೋಟು ಹಾಕಲಿಕ್ಕ ಆಗೂದಿಲ್ಲ. ಇನ್‌ಶರ್ಟ್ ಮಾಡದ ದಪ್ಪ ಬಟ್ಟೆಯ ಸಡ್ಲ ಅಂಗಿ ಬೇಕು, ತೆಳ್ಳನ ಬಿಳಿ ಅಂಗಿಯಾಗ ಬೆವರು ಬಂದ್ರ ಪಿಸ್ತೂಲಿನ ಆಕಾರನ ಮೂಡ್ತದ. ಟ್ರಿಗರ್ ಪೂರ್ತಿ ಮುಚ್ಚೂ ಹೋಲ್ಸ್ಟರ್, ಅದಕ್ಕ ಬಿಗಿಯಾದ ತೊಗಲಿನ ಬೆಲ್ಟ್. ಧೋತರದ ಸೊಂಟಕ್ಕ ಸಿಗಸೂದು, ಜುಬ್ಬಾದ ಬಗಲ ಕಿಸೇದಾಗ ಕೀಲಿಕೈ, ಚಿಲ್ಲರೆ ಜೋಡಿ ಹಾಕೂದು, ಎರಡೂ ಬ್ಯಾಡ. ಬೈಕ್ ಮ್ಯಾಲ ಕುಂತಾಗ ಜಾರ್ತದ, ಕಿಸೇದಾಗಿನ ಕೀಲಿ ಟ್ರಿಗರಿಗೆ ತಾಗ್ತದ. ಬೆವರಿನ ಉಪ್ಪಿಗೆ ಕಬ್ಬಿಣ ಜಂಗ ಹಿಡೀತದ, ದಿನಾ ರಾತ್ರಿ ಒಣ ಅರಿವೀಲೆ ಒರಿಸಿ ಎಣ್ಣಿ ಹಚ್ರಿ. ಮನ್ಯಾಗ ಮಕ್ಕಳಿದ್ರ ಕೀಲಿ ಹಾಕೂ ಪೆಟ್ಟಿಗಿ, ದಿಂಬಿನ ಕೆಳಗ ಅಲ್ಲ.

ಇಂಡಿ, ಚಡಚಣದವ್ರು ಇದನ್ನ ಲಕ್ಷ ಕೊಟ್ಟು ಕೇಳ್ರಿ. ಲೈಸನ್ಸಿನಾಗ ಎಲ್ಲಿ ತನಕ ನಡೀತದ ಅಂತ ಬರದಿರ್ತದ. ಬರೇ ಕರ್ನಾಟಕ ಅಂತ ಇದ್ರ, ಧೂಳಖೇಡ ದಾಟಿ ಸೊಲ್ಲಾಪುರ ಕಡೆ ಗಾಡಿ ಹೋದ ಕೂಡ್ಲೆ ನಿಮ್ಮ ಪಿಸ್ತೂಲ್ ಲೈಸನ್ಸ್ ಇಲ್ಲದ ಪಿಸ್ತೂಲ್. ಸಂತಿಗೆ, ದವಾಖಾನಿಗೆ ದಿನಾ ಹೊಳಿ ದಾಟೂ ಮಂದಿಗೆ ಇದು ನೆನಪಿರೂದಿಲ್ಲ. ಚುನಾವಣೆ ಬಂತಂದ್ರ ಸ್ಟೇಷನ್ನಿಗೆ ಒಪ್ಪಸಲಿಕ್ಕ ಹೇಳ್ತಾರ, ಒಪ್ಪಿಸಿದ ಪಾವತಿ ತಪ್ಪದ ಇಸ್ಕೊಳ್ರಿ.

"ಕೊಡಗಿನವ್ರಿಗೆ ಲೈಸನ್ಸ್ ಬೇಕಿಲ್ಲಲ್ಲ, ನಮಗ್ಯಾಕ?" ಅಂತ ಕೆಲವರು ಕೇಳ್ತೀರಿ. ಅದು ಕೊಡವರಿಗೆ ಮತ್ತ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, 2029ರ ತನಕ ಮುಂದುವರ್ಸ್ಯಾರ. ಅದು ಕೋವಿಗೆ, ಪಿಸ್ತೂಲಿಗೆ ಅಲ್ಲ.

ನಾಡ ಪಿಸ್ತೂಲಿನ ಮಾತು ಸಣ್ಣದಾಗಿ ಮುಗಸ್ತೀನಿ, ಯಾಕಂದ್ರ ಅದರಾಗ ಚರ್ಚೆ ಮಾಡೂದು ಏನೂ ಇಲ್ಲ. ಲೈಸನ್ಸ್ ಇಲ್ಲದ ಬಂದೂಕು ಇಟ್ಕೊಂಡ್ರ ಈಗ ಕನಿಷ್ಠ ಎರಡು ವರ್ಷ, ಐದರ ತನಕ ಜೈಲು. ಮಾಡಿದಾವಗ, ಮಾರಿದಾವಗ ಕನಿಷ್ಠ ಏಳು ವರ್ಷ, ಜೀವಾವಧಿ ತನಕ. ನಳಿಗಿ ಒಡದು ಹಿಡಿದಾವನ ಬೆರಳ ಹಾರೂದು ಬ್ಯಾರೆ. ಮತ್ತ ನೀವು ತಗೊಂಡ ಆ ಪಿಸ್ತೂಲ್ ಹಿಂದ ಯಾವ ಕೊಲ್ಯಾಗ ಹಾರೇದ ಅನ್ನೋದು ನಿಮಗ ಗೊತ್ತಿರೂದಿಲ್ಲ, ಪ್ರಯೋಗಾಲಯಕ್ಕ ಗೊತ್ತಾಗ್ತದ.

ಕಡೀದಾಗಿ ಹಾರಿಸೂ ಹಕ್ಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ, ಆತ್ಮರಕ್ಷಣೆ ಅದರಾಗ 34ರಿಂದ 44ನೇ ಕಲಂ. ಜೀವ ಹೋಗೂ ಭಯ ಖರೇನ ಇದ್ರ, ಆ ಹೊತ್ತಿನಾಗ, ಬೇಕಾದಷ್ಟ ಬಲ. ಹೊಡದು ಓಡಾವನ ಬೆನ್ನಿಗೆ ಹಾರಿಸಿದ್ರ ಅದು ರಕ್ಷಣೆ ಅಲ್ಲ. ಬದು ಒತ್ತಿದ, ನೀರಿನ ಪೈಪು ಕಿತ್ತ, ಹೊಲದಾಗ ದನಾ ಹೊಡದ, ಇವು ಯಾವಕ್ಕೂ ಗುಂಡು ಹಾರಿಸೂ ಹಕ್ಕಿಲ್ಲ. ನಮ್ಮ ಕಡೆಯ ಜಗಳ ಹೆಚ್ಚಿಗಿ ಹುಟ್ಟೂದು ಬದುವಿನ ಮ್ಯಾಲನ. ಅಂಥಾ ಜಗಳ ನಡದಿದ್ರ ಹೊಲಕ್ಕ ಹೋಗುವಾಗ ಪಿಸ್ತೂಲ್ ಮನ್ಯಾಗ ಬಿಟ್ಟು ಹೋಗ್ರಿ. ಜೀವಬೆದರಿಕಿ ಬಂದಿದ್ರ ಮೊದಲ ಸ್ಟೇಷನ್ನಿನಾಗ ಬರದು ಕೊಡ್ರಿ, ಸ್ವೀಕೃತಿ ಇಸ್ಕೊಳ್ರಿ. ಲೈಸನ್ಸಿನ ಪೊಲೀಸ್ ವರದಿಗೂ ಅದು ಬೇಕಾಗ್ತದ, ನಾಳೆ ಕೋರ್ಟಿಗೂ ಬೇಕಾಗ್ತದ.

ಹಾರಿಸೂ ಪ್ರಸಂಗ ಬಂದ ಬಿಟ್ರ, ಬೆದರಿಕಿ ಮುಗದ ಕೂಡ್ಲೆ ಪಿಸ್ತೂಲ್ ಹೋಲ್ಸ್ಟರ್‌ಗೆ ಹಾಕ್ರಿ, 112ಕ್ಕ ಫೋನ್ ಹಚ್ರಿ, ಗಾಯ ಆದಾವ ವೈರಿ ಆಗಿದ್ರೂ ಅಂಬುಲೆನ್ಸ್ ಕೇಳ್ರಿ. ಬಿದ್ದ ಕಾಡತೂಸಿನ ಕೊಳವಿ ಮುಟ್ಟಬ್ಯಾಡ್ರಿ. ಪೊಲೀಸರು ಬಂದಾಗ ಕೈ ಖಾಲಿ ಇರಲಿ, ಪಿಸ್ತೂಲ್ ಎಲ್ಲಿ ಅದ ಅಂತ ಮೊದಲ ಬಾಯಿಲೆ ಹೇಳ್ರಿ. ಎಷ್ಟು ಗುಂಡು ಹಾರ್ಯಾವ, ಎಷ್ಟು ಉಳದಾವ, ಎರಡೂ ಪಂಚನಾಮೆದಾಗ ಬರಸ್ರಿ.