ಗುಜರಿಗೆ ಹೊರಟಿದ್ದ ಹತ್ತರಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಅಡಿಕೆಯ ಕೊಳೆರೋಗವನ್ನೋ ಮಣ್ಣಿನ ಹುಳಿಗುಣವನ್ನೋ ಕುರಿತು ನಾನು ಮಾತನಾಡುತ್ತೇನೆಂದು ನೀವು ನಿರೀಕ್ಷಿಸಿರಬಹುದು. ನನ್ನ ವೃತ್ತಿ ಅದೇ. ಆದರೆ ಇಂದು ಮೇಜಿನ ಮೇಲೆ ಎರಡು ಹತ್ತರಿಗಳನ್ನು ಇಟ್ಟುಕೊಂಡು ನಿಂತಿದ್ದೇನೆ. ಕೆಲವೆಡೆ ಇದಕ್ಕೆ ಕೀಸುಳಿ ಎಂಬ ಹೆಸರೂ ಉಂಟು. ಒಂದರದು ಮರದ ಮೈ, ಇನ್ನೊಂದರದು ಎರಕದ ಕಬ್ಬಿಣದ್ದು. ಹಳೆಯ ಮನೆಯೊಂದನ್ನು ಕೆಡವಿದಾಗ ಗುಜರಿಗೆ ಹೊರಟಿದ್ದ ಇವೆರಡನ್ನೂ ಬಿಡಿಸಿಕೊಂಡು ತಂದೆ. ಕಬ್ಬಿಣದ್ದಕ್ಕೆ ತೂಕದ ಬೆಲೆಯಾದರೂ ಇತ್ತು. ಮರದ್ದರ ಅಲಗನ್ನು ಕಿತ್ತು, ಮೈಯನ್ನು ಬಚ್ಚಲೊಲೆಗೆಂದು ತೆಗೆದಿರಿಸಿದ್ದರು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ನಮಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲಿನ ಎರಡಕ್ಕಾಗಿ ನಾವು ಸಭೆ ಸೇರಿದ್ದೇವೆ, ಸಸಿ ನೆಟ್ಟಿದ್ದೇವೆ. ಮೂರನೆಯದನ್ನು ಮಾತ್ರ ಪ್ಲೈವುಡ್ ಅಂಗಡಿಗೆ ಒಪ್ಪಿಸಿಬಿಟ್ಟೆವು. ಅಜ್ಜನ ಕಾಲದ ಹಲಸಿನ ಬಾಗಿಲನ್ನು ಸೌದೆಗೆ ಹಾಕಿ, ಪೇಟೆಯಿಂದ ಅಂಟು ಬಳಿದ ಹೊಸ ಬಾಗಿಲು ತರುತ್ತೇವೆ. ಏಕೆಂದು ಕೇಳಿದರೆ, ಹಳೆಯದನ್ನು ಸರಿಮಾಡಿಕೊಡುವವರು ಸಿಗುವುದಿಲ್ಲ ಎಂಬ ಉತ್ತರ. ಆ ಉತ್ತರದಲ್ಲಿ ಸುಳ್ಳಿಲ್ಲ. ನಮ್ಮೂರಿನಲ್ಲಿ ಹತ್ತರಿಯನ್ನು ಹದವಾಗಿ ಹಿಡಿಯಬಲ್ಲವರು ಈಗ ಒಬ್ಬರೇ ಆಚಾರಿಗಳು. ಅವರಿಗೆ ಎಪ್ಪತ್ತು ದಾಟಿದೆ, ಮಗ ಪೇಟೆಯಲ್ಲಿ ಅಲ್ಯೂಮಿನಿಯಂ ಕಿಟಕಿ ಜೋಡಿಸುತ್ತಾನೆ.

ಹತ್ತರಿ ಬಹಳ ಹಳೆಯ ಸಾಧನ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೈ ನಗರದಲ್ಲಿಯೂ ಹತ್ತರಿಗಳು ದೊರೆತಿವೆ. ಇಲ್ಲಿರುವಂತಹ ಕಬ್ಬಿಣದ ಹತ್ತರಿಯ ರಚನೆ ಅಮೆರಿಕದ ಲಿಯೊನಾರ್ಡ್ ಬೈಲಿ ಎಂಬಾತನದು. ಅವನ ಹಕ್ಕುಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. ಅಲಗನ್ನು ಏರಿಸಿ ಇಳಿಸಲು ಹಿತ್ತಾಳೆಯ ತಿರುಪು, ಓರೆ ತಿದ್ದಲು ಒಂದು ಸನ್ನೆ, ಇಷ್ಟೇ ಅದರ ಹೆಚ್ಚುಗಾರಿಕೆ. ಮರದ ಹತ್ತರಿಯಲ್ಲಿ ಇದೇ ಕೆಲಸವನ್ನು ಒಂದು ಬೆಣೆ ಮತ್ತು ಕೊಡತಿಯ ಪೆಟ್ಟು ಮಾಡುತ್ತವೆ.

ದುರಸ್ತಿಯ ವಿಷಯಕ್ಕೆ ಬರುವ ಮೊದಲು ನನ್ನ ಮೂರ್ಖತನವನ್ನು ಹೇಳಿಬಿಡುತ್ತೇನೆ. ಮರದ ಹತ್ತರಿಯ ಅಲಗಿನ ತುದಿ ಮುಕ್ಕಾಗಿತ್ತು. ಬೇಗ ಮುಗಿಸುವ ಆತುರದಲ್ಲಿ ಅದನ್ನು ವಿದ್ಯುತ್ ಸಾಣೆಯಂತ್ರಕ್ಕೆ ಹಿಡಿದೆ. ತುದಿ ನವಿಲುಗರಿಯಂತೆ ನೀಲಿಯಾಯಿತು, ನೋಡಲು ಚಂದವೇ. ಆಚಾರಿಗಳು ಬಂದು ನೋಡಿ, "ಡಾಕ್ಟ್ರೇ, ಇದರ ಜೀವ ಹೋಯ್ತಲ್ಲ" ಎಂದರು. ಉಕ್ಕಿಗೆ ನೀಲಿ ಬಣ್ಣ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟು ಕಾದ ಅಲಗಿನ ಗಡಸುತನ ಇಳಿದುಹೋಗುತ್ತದೆ, ಬಾಯಿ ಹರಿತ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಇದನ್ನು ಓದಿದ್ದವನು ನಾನು, ಓದದೆ ತಿಳಿದಿದ್ದವರು ಅವರು. ನೀಲಿಯಾದಷ್ಟು ಭಾಗವನ್ನು ಕೈಸಾಣೆಯಲ್ಲಿ, ಪದೇ ಪದೇ ನೀರಿಗೆ ಅದ್ದುತ್ತ ಸವೆಸಿ ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಹಳೆಯ ಅಲಗುಗಳಲ್ಲಿ ಎಷ್ಟೋ ಸಲ ಮೆದು ಕಬ್ಬಿಣದ ಮೇಲೆ ಗಡಸು ಉಕ್ಕಿನ ತೆಳುಪಟ್ಟಿಯನ್ನು ಬೆಸೆದಿರುತ್ತಾರೆ. ಇಳಿಜಾರಿನಲ್ಲಿ ಆ ಗೆರೆ ಕಾಣುತ್ತದೆ. ಆ ಪಟ್ಟಿ ಇರುವವರೆಗೆ ಮಾತ್ರ ಅಲಗಿಗೆ ಆಯುಷ್ಯ. ಎರಡು ಬೆರಳಿನಷ್ಟು ಪಟ್ಟಿ ಉಳಿದಿದ್ದದ್ದು ನನ್ನ ಅದೃಷ್ಟ.

ತುಕ್ಕು ತೆಗೆಯುವುದು ಕಠಿಣವೇನಲ್ಲ. ಬಿಗಿದುಕೊಂಡ ತಿರುಪುಗಳಿಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಬಿಟ್ಟು ಒಂದೆರಡು ದಿನ ಕಾಯಬೇಕು. ಸುತ್ತಿಗೆಯಿಂದ ಬಡಿಯಬಾರದು, ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಬಿಚ್ಚಿದ ಕಬ್ಬಿಣದ ಭಾಗಗಳನ್ನು ವಿನೆಗರಿನಲ್ಲಿ ಒಂದು ರಾತ್ರಿ ಇಟ್ಟರೆ ತುಕ್ಕು ಸಡಿಲವಾಗುತ್ತದೆ. ಹುಣಸೆಹುಳಿಯ ಗಟ್ಟಿ ನೀರೂ ನಡೆಯುತ್ತದೆ, ನಿಧಾನ. ಮರೆತು ದಿನಗಟ್ಟಲೆ ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಹೊರತೆಗೆದು ಉಜ್ಜಿ, ತೊಳೆಯುವ ಸೋಡದ ನೀರಿನಲ್ಲಿ ಅದ್ದಿ, ಕೂಡಲೇ ಒರೆಸಿ ಎಣ್ಣೆ ಸವರಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ಬರಿಮೈ ಕಬ್ಬಿಣ ಒಂದು ರಾತ್ರಿಯನ್ನೂ ಕಳೆಯಲಾರದು.

ತಳದ ಸಮತಟ್ಟು ನೋಡುವ ಉಪಾಯ ಹೀಗಿದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಹತ್ತರಿಯ ತಳಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಉಜ್ಜಬೇಕು. ಗೆರೆ ಉಳಿದ ಕಡೆ ತಗ್ಗು. ಮೂತಿ, ಅಲಗು ಹೊರಬರುವ ಬಾಯಿಯ ಅಂಚು, ಹಿಂಭಾಗ, ಈ ಮೂರೂ ಗಾಜಿಗೆ ತಾಗಿದರೆ ಸಾಕು. ಇಡೀ ತಳವನ್ನು ಕನ್ನಡಿ ಮಾಡುವ ಹಟ ಬೇಡ. ಉಜ್ಜುವಾಗ ಅಲಗನ್ನು ಒಳಕ್ಕೆ ಎಳೆದಿರಬೇಕು, ಆದರೆ ಬೆಣೆ ಬಿಗಿಯಾಗಿಯೇ ಇರಬೇಕು, ಏಕೆಂದರೆ ಆ ಬಿಗಿತದಿಂದಲೇ ಮೈ ಕೊಂಚ ಡೊಂಕುತ್ತದೆ. ಮರದ ಹತ್ತರಿಯ ಬಾಯಿ ಸವೆದು ಅಗಲವಾಗಿದ್ದರೆ ಗಟ್ಟಿಮರದ ಚೂರೊಂದನ್ನು ಕೂರಿಸಿ ತೇಪೆ ಹಾಕಬಹುದು.

ಅಲಗಿನ ಹಿಂಬದಿ ತುದಿಯ ಬಳಿ ಪೂರ್ತಿ ಸಮವಾಗಿರಬೇಕು. ಇಳಿಜಾರು 25 ಡಿಗ್ರಿ, ತುದಿಯನ್ನು ಮಾತ್ರ 30 ಡಿಗ್ರಿಯಲ್ಲಿ ಸಾಣೆಕಲ್ಲಿಗೆ ಹಿಡಿಯುವುದು ರೂಢಿ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಹರಿತ ಬೇಗ ಹೋಗುತ್ತದೆ, ಹಲಸು ಅಷ್ಟು ಕಾಡುವುದಿಲ್ಲ. ಆದರೆ ಹಲಸು, ಹೊನ್ನೆಗಳಲ್ಲಿ ನಾರು ಒಂದು ಪದರದಲ್ಲಿ ಅತ್ತ, ಮುಂದಿನದರಲ್ಲಿ ಇತ್ತ ವಾಲಿರುವುದುಂಟು. ಎದುರು ನಾರಿಗೆ ಹತ್ತರಿ ಹೊಡೆದರೆ ಮರ ಕಿತ್ತುಬರುತ್ತದೆ. ಅಲಗಿನ ಮೇಲಿನ ಒತ್ತುಪಟ್ಟಿಯನ್ನು ತುದಿಯಿಂದ ಅರ್ಧ ಮಿಲಿಮೀಟರಿನಷ್ಟು ಹತ್ತಿರಕ್ಕೆ ತಂದು, ತೆಳುವಾಗಿ ತೆಗೆದರೆ ಬಹುಮಟ್ಟಿಗೆ ತಡೆಯಬಹುದು. ಹಳೆಯ ಮನೆಯ ಮರವಾದರೆ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಒಂದು ಮೊಳೆ ಒಂದು ದಿನದ ಸಾಣೆಯನ್ನು ನುಂಗುತ್ತದೆ.

ಇನ್ನೊಂದು ಮಾತು, ಇದು ಮನೆಯ ಯಜಮಾನರಿಗೆ. ಆಷಾಢದಲ್ಲಿ ಬಾಗಿಲು ಬಿಗಿಯಾಯಿತೆಂದು ಹತ್ತರಿ ಹಿಡಿಯಬೇಡಿ. ಮರ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಆಗ ಕೆತ್ತಿದ್ದು ಚೈತ್ರದ ಹೊತ್ತಿಗೆ ಕೈ ತೂರುವಷ್ಟು ಸಂದಾಗುತ್ತದೆ. ಆಮೇಲೆ ಮರವನ್ನು ಬಯ್ಯುತ್ತೇವೆ.

ವಿದ್ಯುತ್ ಹತ್ತರಿಯ ವಿರೋಧಿ ನಾನಲ್ಲ. ಇಡೀ ಮನೆಯ ಪಕಾಸುಗಳನ್ನು ಕೈಯಲ್ಲೇ ನುಣುಪು ಮಾಡಿರೆಂದು ಯಾರಿಗಾದರೂ ಹೇಳುವುದು ಅನ್ಯಾಯ. ಆದರೆ ಯಂತ್ರ ಎಬ್ಬಿಸುವ ನವಿರು ಧೂಳಿನ ಬಗ್ಗೆ ಎಚ್ಚರ ಬೇಕು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಕೈಹತ್ತರಿಯಿಂದ ಬರುವುದು ಮುಖ್ಯವಾಗಿ ಸುರುಳಿ. ಅದನ್ನು ಹಸಿಯಾಗಿ ತೋಟದ ಮಣ್ಣಿಗೆ ಬೆರೆಸಬೇಡಿ. ಸಾರಜನಕಕ್ಕೆ ಹೋಲಿಸಿದರೆ ಅದರಲ್ಲಿ ಇಂಗಾಲ ನೂರಾರು ಪಟ್ಟು, ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನು ಕಟ್ಟಿಹಾಕುತ್ತದೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಕಿ, ಗಂಜಲದಲ್ಲಿ ನೆನೆದ ಮೇಲೆ ಗೊಬ್ಬರದ ಗುಂಡಿಗೆ ಸೇರಿಸಿ.

ಆಚಾರಿಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ವೇದಿಕೆಗೆ ಬರಲು ಒಪ್ಪಲಿಲ್ಲ, ಆದರೆ ಜಗಲಿಯಲ್ಲಿ ಹಲಸಿನ ಹಲಗೆಯೊಂದನ್ನು ಕಟ್ಟಿ ಇಟ್ಟಿದ್ದಾರೆ. ಅದು ನಾನು ಹೇಳಿದ ಆ ಕೆಡವಿದ ಮನೆಯ ಬಾಗಿಲು. ಒಬ್ಬೊಬ್ಬರಾಗಿ ಬನ್ನಿ. ಮರದ ಹತ್ತರಿಯನ್ನು ಮೊದಲು ಹಿಡಿಯಿರಿ, ನಾರಿನ ಓಟ ಯಾವ ಕಡೆಗೆಂದು ಅವರನ್ನು ಕೇಳಿ. ಕೈ ಒರೆಸಿಕೊಂಡು ಬನ್ನಿ, ಬೆವರಿನ ಉಪ್ಪು ಅಲಗಿಗೆ ಆಗುವುದಿಲ್ಲ.