ಫ್ರಾಂಚೈಸಿ ಮಳಿಗೆ: ಶುಲ್ಕ ಕಟ್ಟುವ ಮುನ್ನ ಗಡುವು ಗಮನಿಸಿ

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹದ ನೋಡದೆ ಬಿತ್ತುವ ರೈತನಿಲ್ಲ. ಮಳೆ ಬೀಳುವ ಮೊದಲೇ "ಇಂಥ ತಾರೀಖಿನೊಳಗೆ ಬಿತ್ತುತ್ತೇನೆ, ತಪ್ಪಿದರೆ ಬೀಜದ ಹಣ ಹೋಗಲಿ" ಎಂದು ಯಾರೂ ಬರೆದುಕೊಡುವುದಿಲ್ಲ. ಆದರೆ ಕಂಪೆನಿಯೊಂದರ ಹೆಸರಿನಲ್ಲಿ ಗೊಬ್ಬರ, ಬೀಜ, ಔಷಧಿಗಳ ಮಳಿಗೆ ತೆರೆಯಲು ಹೊರಟವರು ಕರಾರು ಪತ್ರದಲ್ಲಿ ಇಂಥದ್ದೇ ಮಾತಿಗೆ ಸಹಿ ಹಾಕುವುದುಂಟು.

ಫ್ರಾಂಚೈಸಿ ಎಂದರೆ ಕಂಪೆನಿಯ ಹೆಸರು ಮತ್ತು ವ್ಯಾಪಾರ ಕ್ರಮವನ್ನು ಬಳಸುವ ಹಕ್ಕನ್ನು ಹಣ ಕೊಟ್ಟು ಪಡೆಯುವುದು. ಇದರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಹಣವಿರುತ್ತದೆ. ಮೊದಲನೆಯದು ಆರಂಭದಲ್ಲಿ ಒಮ್ಮೆ ಕೊಡುವ ಶುಲ್ಕ. ಇದನ್ನು ಹಿಂದಿರುಗಿಸುವುದಿಲ್ಲವೆಂದು ಬರೆದಿರುವುದೇ ಹೆಚ್ಚು. ಎರಡನೆಯದು ಭದ್ರತಾ ಠೇವಣಿ. ಕರಾರು ಮುಗಿದಾಗ ಬಾಕಿ ಕಳೆದು ಹಿಂದಕ್ಕೆ ಬರಬೇಕಾದದ್ದು. ಮೂರನೆಯದು ಮಾರಾಟದ ಮೇಲೆ ಕೊಡುವ ರಾಯಧನ. ಶುಲ್ಕ ಮತ್ತು ರಾಯಧನಗಳ ಮೇಲೆ ಜಿ.ಎಸ್.ಟಿ. ಬೇರೆ.

ಉದಾಹರಣೆಗೆ, ರೈತನೊಬ್ಬ ಶುಲ್ಕ ೨ ಲಕ್ಷ, ಠೇವಣಿ ೧ ಲಕ್ಷ ಕಟ್ಟಿ, ಕಪಾಟು ಮತ್ತು ನಾಮಫಲಕಕ್ಕೆ ೧.೫ ಲಕ್ಷ ಖರ್ಚು ಮಾಡಿ, ತಿಂಗಳಿಗೆ ೮ ಸಾವಿರ ಬಾಡಿಗೆಗೆ ಅಂಗಡಿ ಹಿಡಿದನೆನ್ನಿ. ಕರಾರಿನಲ್ಲಿ "ಸಹಿಯಾದ ೯೦ ದಿನಗಳೊಳಗೆ ಮಳಿಗೆ ತೆರೆಯತಕ್ಕದ್ದು, ತಪ್ಪಿದಲ್ಲಿ ಹಣ ಮುಟ್ಟುಗೋಲು" ಎಂದಿದೆ. ಆ ೯೦ ದಿನ ಕಳೆಯುವ ಹೊತ್ತಿಗೆ ಒಂದು ರೂಪಾಯಿ ವ್ಯಾಪಾರವಾಗದೆ ೪,೭೪,೦೦೦ ರೂ. ತೊಡಗಿರುತ್ತದೆ.

ಗಡುವು ತಪ್ಪುವುದು ಸೋಮಾರಿತನದಿಂದಲೇ ಅಲ್ಲ. ಗೊಬ್ಬರ ಮಾರಲು ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯಂತೆ ಅಧಿಕಾರ ಪತ್ರ, ಬೀಜಕ್ಕೆ ೧೯೮೩ರ ಬೀಜ ನಿಯಂತ್ರಣ ಆಜ್ಞೆಯಂತೆ ಮತ್ತು ಔಷಧಿಗಳಿಗೆ ೧೯೬೮ರ ಕೀಟನಾಶಕ ಅಧಿನಿಯಮದಂತೆ ಪರವಾನಗಿ ಬೇಕು. ಗೊಬ್ಬರದ ಅರ್ಜಿಯೊಂದಿಗೆ ಸರಬರಾಜುದಾರರು ಕೊಡುವ 'ಒ' ನಮೂನೆಯ ಮೂಲ ಪ್ರಮಾಣ ಪತ್ರವಿರಬೇಕು. ಅದನ್ನು ಕಂಪೆನಿಯೇ ತಡಮಾಡಿ ಕೊಟ್ಟರೂ ಓಡುವ ಗಡುವು ಮಾತ್ರ ರೈತನದು.

ಮುಟ್ಟುಗೋಲು ಎಂದು ಬರೆದ ಮಾತ್ರಕ್ಕೆ ಎಲ್ಲ ಹಣವೂ ನ್ಯಾಯವಾಗಿ ಕಂಪೆನಿಗೆ ಸೇರುವುದಿಲ್ಲ. ೧೮೭೨ರ ಕರಾರು ಅಧಿನಿಯಮದ ೭೪ನೆಯ ಕಲಮಿನಂತೆ, ಕರಾರು ಮುರಿದಾಗ ಸಿಗುವುದು ನಮೂದಿಸಿದ ಮೊತ್ತವನ್ನು ಮೀರದ, ನ್ಯಾಯೋಚಿತ ಪರಿಹಾರ ಮಾತ್ರ. ಮೌಲಾ ಬಕ್ಷ್ ಮೊಕದ್ದಮೆ ಇದಕ್ಕೆ ನಿದರ್ಶನ. ೧೯೪೭ರಲ್ಲಿ ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸಲು ಒಪ್ಪಿದ ಗುತ್ತಿಗೆದಾರರು ೧೮,೫೦೦ ರೂ. ಠೇವಣಿ ಇಟ್ಟಿದ್ದರು. ಸರಬರಾಜು ತಪ್ಪಿದಾಗ ಸರಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ನಷ್ಟವನ್ನು ರುಜುವಾತುಪಡಿಸದೆ ಹಾಗೆ ಇಟ್ಟುಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಆ ತೀರ್ಪು ಬಂದದ್ದು ೧೯೬೯ರಲ್ಲಿ! ಅಲ್ಲದೆ ಅದು ಠೇವಣಿಯ ಮಾತು. ಹಕ್ಕಿಗಾಗಿ ಕೊಟ್ಟ ಶುಲ್ಕ ಹಿಂದಕ್ಕೆ ಬರುವುದು ಇನ್ನೂ ಕಷ್ಟ. ಆದ್ದರಿಂದ ನ್ಯಾಯಾಲಯಕ್ಕಿಂತ ಕರಾರು ಪತ್ರದಲ್ಲೇ ರಕ್ಷಣೆ ಪಡೆಯುವುದು ಮೇಲು.

ಸಹಿ ಹಾಕುವ ಮುನ್ನ ಈ ಅಂಶಗಳನ್ನು ಬರೆಸಿಕೊಳ್ಳಬೇಕು:

೧. ಗಡುವಿನ ಎಣಿಕೆ ಸಹಿಯಾದ ದಿನದಿಂದಲ್ಲ, ಪರವಾನಗಿ ಮತ್ತು ವಿದ್ಯುತ್ ಸಂಪರ್ಕ ದೊರೆತ ದಿನದಿಂದ ಆರಂಭವಾಗಬೇಕು.

೨. ಕಂಪೆನಿಯಿಂದಾದ ವಿಳಂಬದ ದಿನಗಳು ಗಡುವಿಗೆ ಕೂಡಬೇಕು.

೩. ಶುಲ್ಕವನ್ನು ಕಂತುಗಳಲ್ಲಿ ಕೊಡಬೇಕು. ದೊಡ್ಡ ಕಂತು ಮಳಿಗೆ ತೆರೆದ ಮೇಲೆ ಇರಲಿ.

೪. ಪರವಾನಗಿ ದೊರೆಯದಿದ್ದರೆ ಎಷ್ಟು ಹಣ, ಎಷ್ಟು ದಿನಗಳಲ್ಲಿ ಹಿಂದಕ್ಕೆ ಎಂಬುದು ಸ್ಪಷ್ಟವಾಗಿರಬೇಕು.

೫. ಗಡುವು ವಿಸ್ತರಣೆ ಲಿಖಿತವಾಗಿರಬೇಕು. ದೂರವಾಣಿಯಲ್ಲಿ ಹೇಳಿದ "ಪರವಾಗಿಲ್ಲ" ಎಂಬ ಮಾತನ್ನು ನಂಬಿ ಕೂರಬಾರದು.

ಅಮೆರಿಕದಲ್ಲಿ ಹಣ ಪಡೆಯುವ ಅಥವಾ ಸಹಿ ಹಾಕಿಸುವ ಕನಿಷ್ಠ ೧೪ ದಿನ ಮೊದಲು ಕಂಪೆನಿಯು ಶುಲ್ಕಗಳ ಪೂರ್ಣ ವಿವರ ಕೊಡಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆ ೧೪ ದಿನಗಳನ್ನು ರೈತನೇ ಕೇಳಿ ಪಡೆಯಬೇಕು. ಕರಾರಿನ ಪ್ರತಿಯನ್ನು ಮನೆಗೆ ತಂದು, ತಿಳಿದ ವಕೀಲರಿಂದ ಓದಿಸಿ, ಮನೆಯವರೊಡನೆ ಲೆಕ್ಕ ಹಾಕಿ, ಅನಂತರ ಸಹಿ ಹಾಕಬೇಕು. ಹದ ಬಂದ ಮೇಲೆ ಬಿತ್ತಿದ ಬೀಜವೇ ಮೊಳೆಯುವುದು.